ಎರಡು, ಏಳು ಮತ್ತು ಮಾವನ ಮನೆಯ ಎ.ಸಿ. ರೂಮು

ಕಳೆದ ಭಾನುವಾರ ಕಲ್ಯಾಣದುರ್ಗದಲ್ಲಿ ಎರಡು ಮತ್ತು ಏಳು ಎಂಬ ದರಿದ್ರ ಇಸ್ಪೀಟು ಎಲೆಗಳನ್ನು ಹಿಡಿದುಕೊಂಡು ನನ್ನ ಅತ್ತೆ, ಮಾವ, ಬಾಮೈದ ಮೂವರನ್ನೂ ಒಂದೇ ಏಟಿಗೆ ಹೆದರಿಸಿ ಓಡಿಸಿದೆ.

ಗಾಬರಿಯಾಗಬೇಡಿ, ದುಡ್ಡಿಟ್ಟು ಆಡಲಿಲ್ಲ. (ಹಾಗೆ ಆಡಿದ್ದರೆ ಈ ವಾರದ ಅಂಕಣ ಪೊಲೀಸ್ ಸ್ಟೇಷನ್ನಿನಿಂದ ಬರುತ್ತಿತ್ತು.) ನಾವು ಇಟ್ಟಿದ್ದು ಹುಣಸೆ ಬೀಜ. ಹುಣಸೆ ಮಂಡಿಯ ಊರಾದ ಹಿಂದೂಪುರದವನಿಗೆ ಅದಕ್ಕೇನು ಬರ? ಒಂದು ಕೈಚೀಲದ ತುಂಬ ನಾನೇ ಹೊತ್ತುಕೊಂಡು ಹೋಗಿದ್ದೆ.

ಆದರೆ ಪಣಕ್ಕಿದ್ದದ್ದು ಬೀಜವಲ್ಲ, ಮಾವನ ಮನೆಯ ಎ.ಸಿ. ರೂಮು.

ಕಲ್ಯಾಣದುರ್ಗದ ಬೇಸಿಗೆ ಕಂಡವರಿಗೆ ಈ ಮಾತಿನ ತೂಕ ಗೊತ್ತು. ಇಡೀ ಮನೆಗೆ ಎ.ಸಿ. ಇರುವುದು ಒಂದೇ ರೂಮಿನಲ್ಲಿ. ಬೇಸಿಗೆಗೆ ಅಳಿಯ ಬಂದರೆ ಅದು ಅಳಿಯನದು. ಯಾರೂ ಬರೆದಿಟ್ಟ ಕಾನೂನಲ್ಲ, ಆದರೂ ನಡೆದುಕೊಂಡು ಬಂದಿದೆ. ನಾನೂ ಪ್ರತಿ ವರ್ಷ ಹೋಗಿ, ಬಾಗಿಲು ಹಾಕಿಕೊಂಡು, ರಗ್ಗು ಹೊದ್ದು ಮಲಗುತ್ತಿದ್ದೆ.

ಈ ವರ್ಷ ನಾದಿನಿಯ ಮದುವೆಯಾಯಿತು. ರೊದ್ದಂ ಕಡೆಯ ಮಂಜುನಾಥ ನನಗೆ ಷಡ್ಡಕನಾದ. ಇಬ್ಬರು ಅಳಿಯಂದಿರು, ಒಂದು ಎ.ಸಿ. ಈಗೇನು ಮಾಡುವುದು? ರೂಮು ನನಗೇ ಬೇಕು ಎಂದು ಬಾಯಿ ಬಿಟ್ಟು ಕೇಳಲು ಆಗುತ್ತದೆಯೇ?

ದಾರಿ ತೋರಿಸಿದವನು ಬಾಮೈದ ನಾಗರಾಜ. ಪೆನುಕೊಂಡದ ಹತ್ತಿರ ಕೆಲಸ ಮಾಡುತ್ತಾನೆ, ಅಲ್ಲಿ ರೂಮ್‌ಮೇಟುಗಳಿಂದ ಪೋಕರ್ ಕಲಿತಿದ್ದಾನೆ. ಫೋನಿನಲ್ಲಿ, "ಬಾವ, ಒಂದು ಟೂರ್ನಮೆಂಟ್ ಇಟ್ಬುಡಾನ. ಮನೇರೆಲ್ಲ ಕುಂತ್ಕೊಳ್ಳಾನ. ನೀವಿಬ್ರಲ್ಲಿ ಯಾರು ಗೆಲ್ತೀರೋ ಅವ್ರಿಗೆ ರೂಮು" ಅಂದ.

ನನಗೆ ಬರುತ್ತಿದ್ದದ್ದು ರಮ್ಮಿ ಮಾತ್ರ. ಆ ದಿನದಿಂದಲೇ ಮೊಬೈಲಿನಲ್ಲಿ ವಿಡಿಯೋ ನೋಡಲು ಕೂತೆ. ಆಟವೇನೋ ಸರಳ. ಪ್ರತಿಯೊಬ್ಬರಿಗೂ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು. ನನ್ನದು ಒಳ್ಳೆಯ ಎಲೆ ಅನ್ನಿಸಿದರೆ ಬೀಜ ತಳ್ಳಬೇಕು, ಇಲ್ಲವಾದರೆ ಎಲೆ ಬಿಸಾಕಬೇಕು. ಆಡಲಿ ಬಿಡಲಿ, ಸರದಿ ಬಂದಾಗ ಕಡ್ಡಾಯವಾಗಿ ಇಷ್ಟು ಬೀಜ ಕಟ್ಟಲೇಬೇಕು, ಹೊತ್ತು ಹೋದಂತೆ ಆ ಕಡ್ಡಾಯದ ಲೆಕ್ಕವೂ ಏರುತ್ತದೆ. ಬೀಜ ಖಾಲಿಯಾದವನು ಎದ್ದು ಹೋಗಬೇಕು. ಅಂದರೆ ಟೂರ್ನಮೆಂಟಿನಲ್ಲಿ ಮೊದಲ ಪಾಠ, ಬದುಕಿ ಉಳಿ. ಎರಡನೆಯದು, ಎದುರಿನವನು ಹೆದರಿದ್ದಾನೆ ಅನ್ನಿಸಿದರೆ ಏನೂ ಇಲ್ಲದಿದ್ದರೂ ಗುಡ್ಡೆ ತಳ್ಳು.

ನನ್ನ ತಪಸ್ಸು ನೋಡಿ ಹೆಂಡತಿ ಸುಜಾತ, "ಇಂಗೇ ಡಿಪಾರ್ಟ್‌ಮೆಂಟ್ ಪರೀಕ್ಷೆಗೆ ಓದಿದ್ರೆ ಇಷ್ಟೊತ್ಗೆ ಪ್ರಮೋಷನ್ ಬಂದಿರೋದು" ಅಂದಳು. ದೊಡ್ಡ ಆಟಗಾರರಿಗೆ ಮನೆಯಲ್ಲಿ ಬೆಲೆ ಇರುವುದಿಲ್ಲ ಬಿಡಿ.

ಭಾನುವಾರ ತಿಂಡಿಯಾದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿದರು. ಕೂತವರು ಐದು ಜನ. ಅತ್ತೆ, ಮಾವ, ನಾಗರಾಜ, ಮಂಜುನಾಥ, ನಾನು. ನಾನು ಎರಡು, ಏಳು ಹಿಡಿದು ದೊಡ್ಡ ಗುಡ್ಡೆ ತಳ್ಳಿದ್ದು ಆಗಲೇ. ಮಂಜುನಾಥ ಮೊದಲೇ ಎಲೆ ಬಿಸಾಕಿದ್ದ. ಮಾವ ನನ್ನ ಮುಖ ನೋಡಿ ಬಿಸಾಕಿದರು. ಅತ್ತೆ ಬಿಸಾಕಿದರು. ನಾಗರಾಜ, "ಕಾನಿವ್ವಂಡಿ, ಆಗ್ಲಿ ಬಾವ, ನಿಮ್ದೇ" ಅಂತ ತೆಲುಗು ಕನ್ನಡ ಸೇರಿಸಿ ಕೈ ಎತ್ತಿದ. ನಾನು ಎಲೆ ತಿರುಗಿಸಿ ತೋರಿಸಿದೆ. ಎಲ್ಲರೂ ಮೆಚ್ಚಿ ತಲೆದೂಗಿದರು. ಆಹಾ, ಇದಲ್ಲವೇ ಸ್ಟ್ರಾಟಜಿ?

ಆಮೇಲೂ ಅದೇ ಕಥೆ. ನಾನು ತಳ್ಳಿದರೆ ಸಾಕು, ಮೂವರೂ ಬಿಡುತ್ತಿದ್ದರು. ಮಂಜುನಾಥ ತಳ್ಳಿದರೂ ಬಿಡುತ್ತಿದ್ದರು. (ಅದನ್ನು ನಾನು ಗಮನಿಸಬೇಕಿತ್ತು. ಗೆಲ್ಲುತ್ತಿರುವವನಿಗೆ ಅಷ್ಟು ವ್ಯವಧಾನ ಎಲ್ಲಿಂದ ಬರಬೇಕು?) ಕಡ್ಡಾಯದ ಬೀಜ ಕಟ್ಟಿ ಕಟ್ಟಿಯೇ ಮೂವರೂ ಖಾಲಿಯಾಗಿ ಎದ್ದರು. ಉಳಿದವರು ಇಬ್ಬರು ಅಳಿಯಂದಿರು.

ಆಗ ನನಗೆ ಜೋಡಿ ಎಕ್ಕ ಬಂತು. ಪೋಕರಿನಲ್ಲಿ ಕೈಗೆ ಅದಕ್ಕಿಂತ ದೊಡ್ಡದು ಬರುವುದಿಲ್ಲ. ಅಷ್ಟರಲ್ಲಿ ಮಂಜುನಾಥ ತನ್ನ ಗುಡ್ಡೆಯನ್ನೆಲ್ಲ ನಡುವೆ ತಳ್ಳಿದ. ನನಗೆ ಆಗಲೇ ಎ.ಸಿ.ಯ ತಣ್ಣನೆ ಗಾಳಿ ಬಡಿದಂತಾಯಿತು. ಅತ್ತೆ ಮಜ್ಜಿಗೆ ಲೋಟ ಹಿಡಿದು ನನ್ನ ಬೆನ್ನ ಹಿಂದೆ ಬಂದು ನಿಂತರು.

"ಅವ್ರು ಹೊಸಬ್ರು ಅಳೀಮಯ್ಯ. ಇದು ಅವ್ರ ಮೊದ್ಲನೇ ಬೇಸ್ಗೆ" ಅಂದರು. ಅಷ್ಟೇ.

ವಿಡಿಯೋಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಜೋಡಿ ಎಕ್ಕವನ್ನು ಕವುಚಿ ಹಾಕಿ ಬಿಟ್ಟೆ. ಅತ್ತೆ ಅಲ್ಲಿಂದ ಕದಲಲಿಲ್ಲ, ಆದ್ದರಿಂದ ಮುಂದಿನ ಆಟಗಳನ್ನೂ ಬಿಟ್ಟೆ. ನನ್ನ ಹಿಂದೂಪುರದ ಬೀಜವೆಲ್ಲ ರೊದ್ದಂ ಪಾಲಾಯಿತು.

ಮಧ್ಯಾಹ್ನ ಊಟವಾದ ಮೇಲೆ ಮಂಜುನಾಥ ರೂಮು ಸೇರಿದ. ನಾನು ಮಾವನ ಪಕ್ಕ ಪಡಸಾಲೆಯಲ್ಲಿ ಮಲಗಿದೆ. ತಡೆಯಲಾರದೆ, "ಮಾವ, ನನ್ ಹತ್ರ ಜೋಡಿ ಎಕ್ಕ ಇತ್ತು" ಅಂದೆ.

ಮಾವ ನಕ್ಕರು. "ನೀವು ಎರಡು ಏಳು ಮಡಿಕ್ಕೊಂಡು ತಳ್ಳಿದ್ರಲ್ಲ, ಆಗ ನಂತಾವ ಎರಡು ರಾಜ ಇದ್ವು. ನಡೂವೆ ಇನ್ನೊಂದು."

ಮೂರು ರಾಜ. "ಮತ್ತೆ ಯಾಕೆ ಬಿಟ್ರಿ?"

"ಅಳೀಮಯ್ಯ ಆಸೆಪಟ್ಟು ತಳ್ಳವ್ರೆ, ಅಡ್ಡ ಹೋಗಾಕಾಯ್ತದಾ?" ಬೀಸಣಿಗೆ ಇನ್ನೊಂದು ಕೈಗೆ ತೆಗೆದುಕೊಂಡರು. "ಆ ಎ.ಸಿ.ನೂ ಅಂಗೇಯ. ನಿಮ್ಮತ್ತೆಗೆ ಸೆಕೆ ತಡೆಯಾಕಾಗಲ್ಲ ಅಂತ ನಾಗ್ರಾಜ ಹಾಕ್ಸಿದ್ದು. ಬೇಸ್ಗೇಲಿ ಅವ್ಳು ಅದ್ರಾಗೆ ಮಲಗಿದ್ದು ನಾ ಕಾಣೆ."

ನನ್ನ ರಗ್ಗು ನೆನಪಾಗಿ ನಾಚಿಕೆಯಾಯಿತು. ಎದ್ದು ಅಡುಗೆಮನೆಗೆ ಹೋದೆ. ಅತ್ತೆ ಬೆವರು ಒರೆಸಿಕೊಳ್ಳುತ್ತಾ ಸಂಜೆಗೆಂದು ಬೋಂಡಾ ಕರಿಯುತ್ತಿದ್ದರು, ಅದೂ ಇಬ್ಬರು ಅಳಿಯಂದಿರಿಗಾಗಿ.

"ಅತ್ತೆ, ನಾನು ಎರಡು ಏಳು ಇಟ್ಕೊಂಡು ಆಡಿದಾಗ ನಿಮ್ಮ ಕೈಲಿ ಏನಿತ್ತು?"

"ಯಾರಿಗ್ಗೊತ್ತು ಅಳೀಮಯ್ಯ?" ಅಂದರು, ಬಾಣಲೆಯಿಂದ ಕಣ್ಣು ತೆಗೆಯದೆ. "ನಾನು ಎಲೆ ಎತ್ತಿ ನೋಡ್ಲೇ ಇಲ್ಲ."

ಎಲೆಯನ್ನೇ ನೋಡದೆ ಬಿಟ್ಟುಕೊಡುವವರ ಮುಂದೆ ಗೆದ್ದು ಬೀಗುವುದಕ್ಕೆ ಸ್ಟ್ರಾಟಜಿ ಬೇರೆ ಕೇಡು, ಅಲ್ಲವೇ?