ಅಟ್ಟಕ್ಕೇರಿದ ಉಲ್ಕೆ

ತಿಪಟೂರು ಸೀಮೆಯವರ ಕೈಗೆ ಗುಂಡಗಿರುವ ಏನು ಸಿಕ್ಕರೂ ಅದು ಮೊದಲು ಹೋಗುವುದು ಕಿವಿಯ ಬಳಿಗೆ. ಕೊಬ್ಬರಿಯಾಗಲೆಂದು ಅಟ್ಟಕ್ಕೆ ಹಾಕಿದ ತೆಂಗಿನಕಾಯಿಯೊಳಗೆ ನೀರು ಇಂಗಿತೆ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎನ್ನುತ್ತಿದೆಯೆ ಎಂದು ಅಲ್ಲಾಡಿಸಿ ಕೇಳುವುದು ನಮ್ಮ ಹುಟ್ಟುಗುಣ. ಮೂವತ್ತು ವರ್ಷ ರಸಾಯನಶಾಸ್ತ್ರ ಬೋಧಿಸಿ ನಿವೃತ್ತನಾದ ನಾನೂ, ಬಿಳಿಗೆರೆಯ ನಮ್ಮ ತೋಟಕ್ಕೆ ಆಕಾಶದಿಂದ ಬಿದ್ದ ಕಾಯಿಗಾತ್ರದ ಕಪ್ಪು ಕಲ್ಲನ್ನು ಎತ್ತಿಕೊಂಡವನೇ ಮಾಡಿದ್ದು ಅದನ್ನೇ. ಕಲ್ಲು ಮಾತಾಡಲಿಲ್ಲ. ಆದರೂ ಅದು ಉಲ್ಕಾಶಿಲೆಯೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಸಂಶಯವೆಂಬುದು ಮೇಷ್ಟರುಗಳಿಗೆ ಒಗ್ಗುವ ಪದಾರ್ಥವಲ್ಲ.

ನಾನೂ ಅಕ್ಕನೂ ಒಂದೇ ಮನೆಯಲ್ಲಿದ್ದೇವೆ. ಅವಳ ಮಗಳು ವೀಣಾ ಉಲ್ಕೆಗಳನ್ನೇ ಪರೀಕ್ಷಿಸುವ ಪ್ರಯೋಗಾಲಯದಲ್ಲಿದ್ದಾಳೆ. ತಾನು ಬರುವವರೆಗೆ ಕಲ್ಲನ್ನು ತೇವವಿಲ್ಲದ ಕಡೆ ಇಡಿ ಎಂದು ಅವಳು ಫೋನಿನಲ್ಲಿ ಹೇಳಿದಳು. ಎತ್ತಿಡುವ ಕೆಲಸವನ್ನು ಅಕ್ಕನಿಗೆ ಒಪ್ಪಿಸಿ ನಾನು ನಿಶ್ಚಿಂತನಾದೆ. ಅಂಥ ಜಾಗ ಅಕ್ಕನಿಗೆ ಗೊತ್ತಿರುವುದು ಒಂದೇ. ವೀಣಾ ಬಂದ ದಿನ ನೋಡಿದರೆ ಕಲ್ಲು ಅಡುಗೆಮನೆಯ ಅಟ್ಟದಲ್ಲಿ, ಕಾಯಿಗಳ ನಡುವೆ, ಹನ್ನೊಂದು ತಿಂಗಳ ಒಲೆಯ ಹೊಗೆ ಕುಡಿದು ಕುಳಿತಿತ್ತು!

"ಬುದ್ಧಿ ಬ್ಯಾಡ್ವಾ ನಿಂಗೆ? ಹಾಳು ಮಾಡ್ಬುಟ್ಟಲ್ಲ!" ಎಂದು ಮಗಳೆದುರೇ ಅಕ್ಕನ ಮೇಲೆ ಹರಿಹಾಯ್ದೆ. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡ ನನ್ನನ್ನು ಸಾಕಿದವಳು ಅವಳು.

"ಕಾಯಿ ಕೆಡದ ಜಾಗದಾಗೆ ಕಲ್ಲು ಕೆಡ್ತದೇನಪ್ಪ?" ಎಂದಷ್ಟೇ ಅಂದು ಒಳಗೆ ಹೋದಳು. ಅಂದಿನಿಂದ ನನಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ.

ಕಲ್ಲಿನ ತುಣುಕು ಒಯ್ದ ವೀಣಾ ತಿಂಗಳಾದ ಮೇಲೆ ಫೋನ್ ಮಾಡಿದಳು. ಅಕ್ಕನಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. "ಹೊಗೆ ಮೇಲ್ಗಡೆಗಷ್ಟೇ ಮಾಮ. ಒಳಗಿರೋ ನಿಯಾನು, ಕ್ಸೆನಾನು ಯಾರ ತಂಟೆಗೂ ಹೋಗಲ್ಲ. ನೀವೇ ಪಾಠ ಮಾಡ್ತಿದ್ರಲ್ಲ?"

ನಿಜ. ಯಾರೊಂದಿಗೂ ಕೂಡದ ಜಡಾನಿಲಗಳೆಂದು ಹೀಗಳೆದು ನಾನು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದ ಪಾಠ ಅದು. ಕೂಡದಿರುವುದರಿಂದಲೇ ಅವು ತವರಿನ ಗುರುತನ್ನು ಕಳೆದುಕೊಳ್ಳುವುದಿಲ್ಲವಂತೆ. ಒಂದೇ ಕ್ಸೆನಾನಿನಲ್ಲಿ ಹಗುರದವು, ಭಾರದವು ಎಂಬ ಒಡಹುಟ್ಟುಗಳಿವೆ, ಐಸೋಟೋಪುಗಳೆಂದರೆ ಇವೇ. ಕಲ್ಲಿನ ಕಣಗಳನ್ನು ಕಾಯಿಸಿದಾಗ ಹೊರಬಂದ ಅವುಗಳ ಪ್ರಮಾಣ ನಮ್ಮ ಸೂರ್ಯನ ಲೆಕ್ಕಕ್ಕೆ ಹೊಂದಲಿಲ್ಲ. ಸೂರ್ಯ ಹುಟ್ಟುವ ಮುಂಚೆಯೇ ಸತ್ತ ಬೇರೆ ನಕ್ಷತ್ರಗಳ ಉಸಿರು ಅದರೊಳಗಿತ್ತು.

ಉಲ್ಕೆಯೆಂಬ ನನ್ನ ಮಾತೇ ಗೆದ್ದ ಹುಮ್ಮಸ್ಸಿನಲ್ಲಿ ಅಕ್ಕನ ಮುಖ ನೋಡಿದೆ. "ಸೂರ್ಯಂಗಿಂತ ಮುಂಚಿಂದ ಕೆಡದೆ ಇದ್ದದ್ದು ನನ್ನ ಒಲೆ ಹೊಗೆಗೆ ಕೆಡ್ತದೆ ಅಂದ್ಯಲ್ಲೋ" ಎಂದಳು.

ಬಹಳ ನಾಚಿಕೆಯಾಯಿತು. "ತಪ್ಪಾಯ್ತು ಕಣಕ್ಕ" ಎಂದೆ. ಅರವತ್ತೈದು ವರ್ಷದಲ್ಲಿ ಈ ಮಾತನ್ನು ಅವಳಿಗೆ ಹೇಳಿದ್ದು ಅದೇ ಮೊದಲು.

"ಬುಡು. ಕಾಯಿ ಇಳಿಸ್ಬೇಕು, ಏಣಿ ಹತ್ತು."

ಹತ್ತಿದೆ. ಕೆಳಗೆ ಅಕ್ಕ ಎರಡೂ ಕೈಯಲ್ಲಿ ಏಣಿಯನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಳು.