ಹುಣಸೆಹಣ್ಣಿನಲ್ಲಿ ಬೆಳಗಿದ ಪದಕ

ನಸೀಮಾ, ರಾಯಭಾರಿ ತಾತನ ಪದಕವನ್ನು ಹಾಳು ಮಾಡಿದವಳು ನಾನು. ನೀನಲ್ಲ ಎಂದು ನನಗೆ ಆ ದಿನವೇ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಲೈಲ್ ಊರಿನ ಆ ಮನೆಯಲ್ಲಿ ನೀನು ತಾತನ ಆರೈಕೆಗಿದ್ದೆ. ಮಗಳು ಆಯಿಷಾಳನ್ನು ಶಾಲೆಯಿಂದ ಕರೆತರಲು ನೀನು ಹೋದಾಗ ಪಕ್ಕದ ಮನೆಯ ನಾನು ಬಂದು ಕೂರುತ್ತಿದ್ದೆ. ತಾತ ಯುರೋಪಿನ ಒಂದು ಪುಟ್ಟ ದೇಶದ ನಿವೃತ್ತ ರಾಯಭಾರಿ. ಪದಕದ ಕತೆಯನ್ನು ನಮಗಿಬ್ಬರಿಗೂ ಎಷ್ಟು ಸಲ ಹೇಳಿದ್ದರೋ! ಅದನ್ನು ಕೊಡುವ ನೈಟ್‌ಗಳ ಸಂಘ ಶತಮಾನಗಳಷ್ಟು ಹಳೆಯದು. ಕತ್ತಿ ಹಿಡಿದ ಆ ವೀರರು ರೋಗಿಗಳ ಗಾಯ ತೊಳೆಯುವ ವ್ರತವನ್ನೂ ತೊಟ್ಟಿದ್ದರಂತೆ. ಪದಕ ಯಾರ ಸ್ವಂತದ್ದೂ ಅಲ್ಲ, ಎರವಲು — ಧರಿಸಿದವರು ತೀರಿಕೊಂಡ ಮೇಲೆ ಸಂಘಕ್ಕೆ ಮರಳಬೇಕು. ತಾತನಿಗಿಂತ ಮೊದಲು ಅದು ಎಷ್ಟೋ ಜನರ ಎದೆಯ ಮೇಲಿತ್ತು. "ನೈಟ್ ಅಂದ್ರೆ ನಿನ್ನ ಥರಾನೇ ಕಣೇ, ನಿಂಗೆ ಕುದುರೆ ಒಂದು ಕಮ್ಮಿ ಅಷ್ಟೆ" ಎಂದು ನಾನು ನಿನ್ನನ್ನು ರೇಗಿಸುತ್ತಿದ್ದೆ.

ಅಂದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ನಾನು ಬೆಳಗಿದ ಬೆಳ್ಳಿಗೆ ಯಾರೂ ಹೆಸರಿಡುವಂತಿಲ್ಲ ಎಂಬ ಜಂಬ ನನಗೆ. ಮರುದಿನ ತಾತನ ಮಗಳು ಬರುವವಳಿದ್ದಳು. ದೀಪಗಳ ಜೊತೆ ಕಪ್ಪಿಟ್ಟ ಪದಕವನ್ನೂ ಫಳಫಳ ಹೊಳೆಸಿ ಶಭಾಸ್ ಅನ್ನಿಸಿಕೊಳ್ಳೋಣ ಎಂದು, ಯಾರನ್ನೂ ಕೇಳದೆ ಮನೆಗೆ ಒಯ್ದೆ. ಹುಣಸೆಹಣ್ಣು, ಉಪ್ಪು ಹಚ್ಚಿ ಬ್ರಷ್‌ನಿಂದ ಉಜ್ಜಿದೆ. ಚಿನ್ನದ ಲೇಪ ಹೋಯಿತು. ಪದಕದ ಶಿಲುಬೆಯ ಒಂದು ತೋಳಿನ ಬಿಳಿ ಎನಾಮಲ್, ಆ ಗಾಜಿನಂಥ ಲೇಪ, ಚಕ್ಕೆಯೆದ್ದು ಸಿಂಕಿಗೆ ಬಿತ್ತು. ಪದಕವನ್ನು ಒರೆಸಿ, ಯಾರಿಗೂ ಕಾಣದಂತೆ ಪೆಟ್ಟಿಗೆಯಲ್ಲಿಟ್ಟು ಬಂದೆ.

ಮರುದಿನ ತಾತನ ಮಗಳು ಪೆಟ್ಟಿಗೆ ತೆರೆದಳು. ಆ ಕೋಣೆಯ ಕೆಲಸವೆಲ್ಲ ನಿನ್ನದು, ಅನುಮಾನವೂ ನಿನ್ನ ಮೇಲೆಯೇ. ನೀನು ನನ್ನ ಕಡೆ ತಿರುಗಿದೆ.

"ಅಕ್ಕಾ, ನಾನು ಮುಟ್ಟಿಲ್ಲ ಅಂತ ನೀವಾದ್ರೂ ಹೇಳ್ರಿ."

"ನಂಗೇನೂ ಗೊತ್ತಿಲ್ಲಮ್ಮ."

ಅದನ್ನೇ ತಾತನ ಮಗಳಿಗೂ ಇಂಗ್ಲಿಷಿನಲ್ಲಿ ಹೇಳಿದೆ. ನಿನ್ನ ಕೆಲಸ ಹೋಯಿತು. ನಿನ್ನನ್ನು ಕೆಲಸಕ್ಕೆ ಕಳಿಸಿದ್ದ ಏಜೆನ್ಸಿಯಲ್ಲಿ ದೂರು ದಾಖಲಾಯಿತು, ಬೇರೆ ಮನೆಯೂ ಸಿಗಲಿಲ್ಲ. ನೀವು ತಾಯಿ ಮಗಳು ಡೆಟ್ರಾಯಿಟ್ ಕಡೆ ನಿನ್ನ ಅಣ್ಣನ ಅಂಗಡಿ ನಂಬಿಕೊಂಡು ಹೊರಟಿರಿ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದ್ದು ನಾನು, ಉಂಡದ್ದು ನೀನು. ತಾತ ಕೊನೆಯವರೆಗೂ ನೀನೆಲ್ಲಿ ಎಂದು ಕೇಳುತ್ತಿದ್ದರು. ನಾಳೆ ಬರ್ತಾಳೆ, ನಾಳೆ ಬರ್ತಾಳೆ — ಆ ಸುಳ್ಳೂ ನನ್ನದೇ.

ನೀನು ಮತ್ತೆ ಆರೈಕೆ ಕೆಲಸಕ್ಕೆ ಅಪ್ಲೈ ಮಾಡಿದ್ದೀಯಂತೆ, ಹಳೆಯ ದೂರು ಅಡ್ಡ ಬರುತ್ತಿದೆಯಂತೆ ಎಂದು ಈ ಬೇಸಿಗೆಯಲ್ಲಿ ಅರೋರಾ ಊರಿನ ದೇವಸ್ಥಾನದಲ್ಲಿ ಒಬ್ಬ ಆಂಟಿ ಹೇಳಿದರು. ಬರೀ ಕ್ಷಮೆ ಕೇಳಿದರೆ ನನ್ನ ಎದೆ ಹಗುರವಾದೀತು — ನಿನಗೇನು ಬಂತು? ಅದಕ್ಕೇ ಮೊದಲು ತಾತನ ಮಗಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವಳು ನನ್ನ ಜೊತೆ ತಾನೇ ಏಜೆನ್ಸಿಗೆ ಬಂದಳು. ದೂರನ್ನು ತೆಗೆದುಹಾಕಿದ್ದಾರೆ. ಪದಕವನ್ನು ಸಂಘದವರು ಎಂದೋ ರಿಪೇರಿ ಮಾಡಿಸಿ ಇನ್ನೊಬ್ಬರಿಗೆ ತೊಡಿಸಿದ್ದಾರಂತೆ.

ಇನ್ನು ನೀನು ಎಲ್ಲಿ ಬೇಕಾದರೂ ಕೆಲಸಕ್ಕೆ ಸೇರಬಹುದು. ಇಷ್ಟನ್ನು ಬರೆದು ಕಳಿಸಿ ಮುಗಿಸಲು ನನಗೆ ಮನಸ್ಸಿಲ್ಲ. ಶನಿವಾರ ಡ್ರೈವ್ ಮಾಡಿಕೊಂಡು ಬರುತ್ತಿದ್ದೇನೆ. ನೀನು ಬೈದರೂ ಸರಿ, ಒಳಗೆ ಕರೆಯದಿದ್ದರೂ ಸರಿ. ಆಯಿಷಾ ಮಾತ್ರ ಬಾಗಿಲಿಗೆ ಬರಲಿ. ನಾನು ಸುಳ್ಳು ಹೇಳಿದ ದಿನ ಅವಳು ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡು ತಾತನ ಬಾಗಿಲಲ್ಲೇ ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಳು. ಅವಳಿಗೆ ಪೂರ್ತಿ ಅರ್ಥವಾಗಲಿ ಎಂದು ಇಂಗ್ಲಿಷಿನಲ್ಲೇ ಹೇಳುತ್ತೇನೆ — ನಿಮ್ಮಮ್ಮ ಅದನ್ನು ಮುಟ್ಟಿರಲೇ ಇಲ್ಲ, ಮುಟ್ಟಿದವಳು ನಾನು.