ಗಾರ್ಡ್ ಡಬ್ಬಿಯ ಕಿಟಕಿ

ನಮ್ಮ ಮಾವಶಿಯ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಇಟ್ಟಿಗೆ ಪುಡಿಯಂಥ ಕೆಂಪು ಕೂತಿರುತ್ತಿತ್ತು. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಪಕ್ಕದ ಎಲೆಯವರು "ಒಂದ ಬೆರಳಿಗೆ ಮೆಹಂದಿ ಹಚ್ಚಿಕೊಂಡೀರಲ್ರೀ?" ಎಂದು ಕೇಳಿದರೆ, "ಮೆಹಂದಿ ಅಲ್ಲವ್ವಾ, ಮಾಲಗಾಡಿ ಬಣ್ಣ" ಎಂದು ಹೇಳಿ ಅನ್ನ ಕಲಸತೊಡಗುತ್ತಿದ್ದಳು. ಕೇಳಿದವರು ಹಪ್ಪಳ ಮುರಿಯುತ್ತಿದ್ದರು.

ಮಾವಶಿ ಎಂದರೆ ನನ್ನ ಅವ್ವನ ಅಕ್ಕ. ಇಳಕಲ್ಲಿನ ಹೆಣ್ಣುಮಕ್ಕಳ ಸಾಲೆಯಲ್ಲಿ ರೇಖಾಗಣಿತ ಕಲಿಸಿ ನಿವೃತ್ತಳಾದವಳು. ಮದುವೆಯಾಗಲಿಲ್ಲ, ಯಾಕೆಂದು ಕೇಳಿದ ಒಬ್ಬೊಬ್ಬರಿಗೂ ಬೇರೆ ಬೇರೆ ಕಾರಣ ಹೇಳಿ ಅವರವರೊಳಗೇ ವಾದ ಹಚ್ಚಿದ್ದಳು. ನೇಕಾರರ ಓಣಿಯಲ್ಲಿ ಆಕೆಯ ಮನೆ. ಹಗಲೆಲ್ಲ ಎರಡೂ ಬದಿಯಿಂದ ಮಗ್ಗದ ಖಟಕ್ ಖಟಕ್. ಆ ಸದ್ದಿನ ನಡುವೆಯೇ ಪಡಸಾಲೆಯ ಮೇಜಿನ ಮೇಲೆ ಆಕೆ ಹಳೆಯ ಗೂಡ್ಸ್ ರೈಲಿನ ಡಬ್ಬಿಗಳನ್ನು ಅಂಗೈಯುದ್ದದ ಗಾತ್ರದಲ್ಲಿ ಕಟ್ಟುತ್ತಿದ್ದಳು. ಗದಗಿನಿಂದ ಬಾದಾಮಿ, ಬಾಗಲಕೋಟೆ ಹಾಯ್ದು ಸೊಲ್ಲಾಪುರದ ಕಡೆ ಹೋಗುವ ಹಾದಿಯಲ್ಲಿ ಮೊದಲು ಸಣ್ಣ ಹಳಿ ಇತ್ತಲ್ಲ, ಅದರ ಮೇಲೆ ಓಡಿದ ಡಬ್ಬಿಗಳು. ಹಳಿ ಅಗಲವಾದ ಮೇಲೆ ಅವೆಲ್ಲ ಗುಜರಿಗೆ ಹೋದವು.

ಇಳಕಲ್ಲಿನಲ್ಲಿ ರೈಲೇ ಇರಲಿಲ್ಲ. ಎದುರು ಮನೆಯ ನೇಕಾರ ದಿನಾ ಒಂದು ಸಲ ಕೆಣಕುತ್ತಿದ್ದ: "ಅಕ್ಕೋರ, ನಮ್ಮ ಊರಿಗೆ ರೈಲು ಯಾವಾಗ ತರ್ತೀರಿ?"

"ಹಳಿ ನೀ ಹಾಸಪ್ಪಾ, ಡಬ್ಬಿ ನಾ ಕೊಡ್ತೇನಿ" ಎನ್ನುತ್ತಿದ್ದಳು ಈಕೆ. ಹಾಗೆ ಕೆಣಕುವ ಅವನೇ ತನ್ನ ಮಗ್ಗದ ಸವೆದ ಹಣಿಗೆಯನ್ನು ಎಸೆಯದೆ ತಂದುಕೊಡುತ್ತಿದ್ದ. ಅದರ ತೆಳ್ಳನೆಯ ಹಲ್ಲುಗಳು ಡಬ್ಬಿಯ ಬಾಗಿಲಿನ ಪಟ್ಟಿಗಳಾಗುತ್ತಿದ್ದವು. ಲಗ್ನಪತ್ರಿಕೆಯ ದಪ್ಪ ಹಾಳೆ ಗೋಡೆಯಾಗುತ್ತಿತ್ತು. ಗುಳಿಗೆ ಪಟ್ಟಿಯ ಬೆಳ್ಳಿ ಹಾಳೆಗೆ ಹಿಂದಿನಿಂದ ಮೊಂಡು ಸೂಜಿ ಒತ್ತಿದರೆ ಮುಂದೆ ಎಳ್ಳಿಗಿಂತ ಸಣ್ಣ ಗುಬ್ಬಿಗಳೇಳುತ್ತಿದ್ದವು. ಅವು ತಗಡನ್ನು ಹಿಡಿದಿಡುವ ರಿವೆಟ್‌ಗಳು. ಒಂದು ರಿವೆಟ್ ಸಾಲು ಸೊಟ್ಟಾದರೆ ಇಡೀ ಗೋಡೆ ಕಸದ ಬುಟ್ಟಿಗೆ. "ಅಂದಾಜು" ಎಂಬ ಮಾತು ಕೇಳಿದರೆ ಆಕೆಗೆ ಮೈಯುರಿ. "ಅಂದಾಜಿಲೆ ಉಪ್ಪು ಹಾಕ್ತಾರ, ಡಬ್ಬಿ ಮಾಡಂಗಿಲ್ಲ" ಎನ್ನುತ್ತಿದ್ದಳು. ಆಕೆಯ ಸಾರು ಉಂಡವರಿಗೆ ಆ ಮಾತಿನ ಮೊದಲರ್ಧ ಚೆನ್ನಾಗಿ ಗೊತ್ತಿತ್ತು.

ಒಂದು ಕಡೆ ಕೂಡುವ ಜೀವವಲ್ಲ ಅದು. ಮಾತಿನ ನಡುವೆಯೇ ಎದ್ದು ಹೋಗಿ ಒಂದು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ ಬರುತ್ತಿದ್ದಳು. ಚಹಾವನ್ನು ನಿಂತೇ ಕುಡಿಯುತ್ತಿದ್ದಳು. ಗೋಡೆಯ ಮಾಡಿನಲ್ಲಿ, ಅಂದರೆ ಉದ್ದನೆಯ ಗೂಡಿನಲ್ಲಿ, ಹತ್ತಿ ಒಯ್ಯುವ ಮುಚ್ಚಿದ ಡಬ್ಬಿಗಳು, ಕಲ್ಲು ಹೇರುವ ತೆರೆದ ಡಬ್ಬಿಗಳು ಸಾಲಾಗಿ ನಿಂತಿದ್ದವು. ಬಾಲದಲ್ಲಿ ಮಾತ್ರ ಖಾಲಿ ಜಾಗ. ಅಲ್ಲಿ ಬರಬೇಕಾದದ್ದು ಗಾರ್ಡ್ ಡಬ್ಬಿ. ನಿಜ ಹೇಳಬೇಕೆಂದರೆ, ಉಳಿದವೆಲ್ಲ ಅದೊಂದಕ್ಕಾಗಿ ಕೈ ಪಳಗಿಸಿಕೊಂಡದ್ದು.

ನನ್ನ ಅಜ್ಜ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದ. ಮಾವಶಿ ಸಣ್ಣ ಹುಡುಗಿಯಾಗಿದ್ದಾಗ ಬಾದಾಮಿಯ ಬಂಧುಗಳ ಮನೆಗೆ ಹೋದವಳು ಪ್ಯಾಸೆಂಜರ್ ಗಾಡಿ ತಪ್ಪಿಸಿಕೊಂಡಳು. ಸಂಜೆಗೆ ಅಜ್ಜನ ಗೂಡ್ಸ್ ಬಂತು. ಅವನು ಮಗಳನ್ನು ಎತ್ತಿ ತನ್ನ ಡಬ್ಬಿಯೊಳಗೆ ಕೂಡಿಸಿ, "ಗಪ್ಪನ ಕೂಡು, ಗುಳೇದಗುಡ್ಡ ರೋಡ್ ಸ್ಟೇಶನ್ ಬಂದಾಗ ಬೆಂಚಿನ ಕೆಳಗ ಹೋಗು, ಯಾರೂ ನೋಡಬಾರದು" ಎಂದ. ಬಾಗಲಕೋಟೆಯವರೆಗೂ ಅಪ್ಪನ ಜೊತೆ ಪಯಣ. ಆಮೇಲೆ ಬಹಳ ದಿನ ಅಜ್ಜ ಉಳಿಯಲಿಲ್ಲ. ಜ್ವರ ಬಂದು ತೀರಿಕೊಂಡ. ಆಗ ನನ್ನ ಅವ್ವ ತೊಟ್ಟಿಲ ಕೂಸು.

ಅವ್ವನಿಗೆ ಇದೊಂದು ಒಳಗಿನ ಮುಳ್ಳು. ಮಾವಶಿ ಅಪ್ಪನ ಸುದ್ದಿ ತೆಗೆದರೆ ಸಾಕು, ಅವ್ವ ಸೆರಗು ಝಾಡಿಸಿ ಏಳುತ್ತಿದ್ದಳು. "ನೀ ಅವನ ಜೋಡಿ ರೈಲಿನ್ಯಾಗ ಅಡ್ಡಾಡಿದಿ, ನಿಂದು ಛಲೋ ಆತು. ನನಗ ಅಪ್ಪ ಅಂದ್ರ ಗ್ವಾಡಿ ಮ್ಯಾಲಿನ ಫೋಟೋ. ಅದಕ್ಕ ಹಾರ ಹಾಕಿ ಹಾಕಿ ಮುದುಕಿ ಆದೆ."

ಒಮ್ಮೆ ಮಾವಶಿ ನನ್ನೆದುರು ಮಾತ್ರ ಹೇಳಿದಳು: "ಅಪ್ಪನ್ನ ತಂದು ಕೊಡ್ಲಿಕ್ಕೆ ಆಗಂಗಿಲ್ಲ ತಮ್ಮಾ. ಅವ ಇದ್ದ ಜಾಗಾ ಆದ್ರೂ ಆಕೀಗೆ ತೋರಸಬೇಕು. ಅದೂ ಸುಳ್ಳ ಜಾಗಾ ಅಲ್ಲ, ಖರೇ ಜಾಗಾ."

"ಮತ್ತ ಮಾಡಿಬಿಡು. ನೀ ನೋಡಿದ್ದ ಅದ ಅಲ್ಲಾ?"

"ಎಲ್ಲಿ ನೋಡೀನಿ? ಗಾಡಿ ಬರೂ ಮುಂದ ಅಪ್ಪನ ಮಾರಿ ನೋಡಿದೆ, ಹೋಗೂ ಮುಂದ ಅವನ ಕೈಯಾಗಿನ ಹಸರ ನಿಶಾನಿ ನೋಡಿದೆ. ಡಬ್ಬಿ ಯಾರು ನೋಡ್ಯಾರ?"

ಆ ಹಾದಿಯ ಗಾರ್ಡ್ ಡಬ್ಬಿಯ ಸರಿಯಾದ ನಕ್ಷೆ ಎಲ್ಲಿಯೂ ಸಿಕ್ಕಿರಲಿಲ್ಲ. ಬೇರೆ ಕಡೆಯ ಡಬ್ಬಿಗಳ ಚಿತ್ರ ತೋರಿಸಿದರೆ "ಇದು ಬ್ಯಾರೆ ಅಪ್ಪಂದಿರದು" ಎಂದು ತಳ್ಳಿಬಿಡುತ್ತಿದ್ದಳು.

ಹೀಗಿರುವಾಗ ನಾನು ಕೆಲಸದ ಮೇಲೆ ಬಾಗಲಕೋಟೆಯಿಂದ ನರಗುಂದದ ಕಡೆ ಹೊರಟವನು ಕುಳಗೇರಿ ಕ್ರಾಸಿನಲ್ಲಿ ಚಹಾಕ್ಕೆ ನಿಂತೆ. ಕೈ ತೊಳೆಯಲು ಹೋಟೆಲಿನ ಹಿಂದೆ ಹೋದರೆ, ತುಕ್ಕು ಹಿಡಿದ ಕಬ್ಬಿಣದ ಕೋಣೆಯೊಂದು ಕಲ್ಲಿನ ಮೇಲೆ ಕೂತಿದೆ. ಡೊಂಕು ಛಾವಣಿ. ಒಂದು ತುದಿಗೆ ಕಟಕಟೆಯ ಸಣ್ಣ ವರಾಂಡ. ಗಾಲಿ ಇಲ್ಲ. ಹೋಟೆಲಿನವನು ಅಂದ: "ನಮ್ಮಪ್ಪ ಲೀಲಾವಿನ್ಯಾಗ ತಂದಿದ್ರಿ. ಗಾರ್ಡ್ ಡಬ್ಬಿ ಅಂತ. ಈಗ ಅಲ್ಲಿ ಅಂಗಡಿ ಕಟ್ಟಬೇಕು, ಸೋಮವಾರ ಗುಜರಿಯವ್ರು ಬಂದು ಕೊಯ್ದುಕೊಂಡು ಹೊಕ್ಕಾರ."

ಮಾವಶಿಗೆ ಫೋನು ಮಾಡಿದೆ. ಆ ಕಡೆಯಿಂದ ಚಪ್ಪಲಿ ಮೆಟ್ಟುವ ಸದ್ದು ಕೇಳಿಸಿತು.

ಮರುದಿನ ಬೆಳಿಗ್ಗೆ ಹುನಗುಂದದ ಮೇಲೆ ಹಾಯ್ದು ಬರುವ ಬಸ್ಸಿನಿಂದ ಬಾಗಲಕೋಟೆಯಲ್ಲಿ ಇಳಿದಳು. ಹೆಗಲಿನ ಚೀಲದಲ್ಲಿ ಟೇಪು, ಮೂಲೆಮಟ್ಟ, ಸೀಸಕಡ್ಡಿ, ಮೇಣದ ಹಾಳೆ. ನನ್ನ ಬೈಕಿನ ಹಿಂದೆ ಕೂತು ದಾರಿಯುದ್ದಕ್ಕೂ ಬೆನ್ನಿಗೆ ಬೆರಳಿನಿಂದ ತಿವಿಯುತ್ತಿದ್ದಳು: "ಜಲ್ದಿ ಹೊಡಿಯೋ, ಅವ್ರು ಇವತ್ತ ಬಂದ್ರ?"

ಕುಳಗೇರಿ ಕ್ರಾಸಿನಲ್ಲಿ ಆಕೆ ಆ ಡಬ್ಬಿಯನ್ನು ಮೊದಲು ಮುಟ್ಟಿದಳು, ಆಮೇಲೆ ಅಳೆದಳು. ಒಳಗಿದ್ದ ಉಳ್ಳಾಗಡ್ಡಿ ಚೀಲಗಳನ್ನೂ ಸಿಲಿಂಡರ್‌ಗಳನ್ನೂ ನಾನು ಸರಿಸುತ್ತ ಹೋದೆ. ಬೆಂಚು ಯಾವಾಗಲೋ ಹೋಗಿತ್ತು. ಅದನ್ನು ಬಿಗಿದ ತೂತುಗಳು ವರಾಂಡದ ಎದುರು ತುದಿಯ ಗೋಡೆಯಲ್ಲಿ ಉಳಿದಿದ್ದವು. ಅವಕ್ಕೂ ಟೇಪು ಹಿಡಿದಳು. ಒಂದೊಂದು ರಿವೆಟ್ ಸಾಲಿನ ಮೇಲೂ ಹಾಳೆ ಇಟ್ಟು ಸೀಸಕಡ್ಡಿ ಉಜ್ಜಿ ಅಚ್ಚು ತೆಗೆದಳು. ಹೋಟೆಲಿನವನು ಚಹಾ ಹಿಡಿದುಕೊಂಡು ಬಂದು ನಕ್ಕ.

"ಅಕ್ಕೋರ, ಅದಕ್ಕ ಅಂಗಿ ಹೊಲಿಸ್ತೀರೇನ್ರಿ?"

"ಹೌದಪ್ಪಾ. ಅಲುಗ್ಯಾಡದಂಗ ನಿಂದರ್ಲಿಕ್ಕೆ ಹೇಳು ಅದಕ್ಕ."

ಒಂದೇ ಒಂದು ಕಡೆ ಆಕೆಯ ಕೈ ನಿಂತಿತು. ಕಿಟಕಿ ಇದ್ದದ್ದು ವರಾಂಡದ ಬದಿಗೆ. ಬೆಂಚಿದ್ದ ಕಡೆ ಬರೀ ತಗಡು. "ನನಗ ಕಿಟಕಿ ಬೆಂಚಿನ ಬಾಜೂಕ ಇದ್ದಂಗ ನೆನಪು" ಎಂದು ಹುಬ್ಬು ಗಂಟು ಹಾಕಿದಳು. ಸ್ವಲ್ಪ ಹೊತ್ತಿಗೆ ತಾನೇ ತಲೆ ಅಲ್ಲಾಡಿಸಿದಳು. "ಇರಲಿ, ನಂದು ಹುಡುಗಿ ನೆನಪು. ಕಬ್ಬಿಣ ಸುಳ್ಳು ಹೇಳಂಗಿಲ್ಲ."

ಮಳೆಗಾಲ ಮುಗಿಯುವ ಹೊತ್ತಿಗೆ ಗಾರ್ಡ್ ಡಬ್ಬಿ ಸಿದ್ಧವಾಯಿತು. ಕೈಬ್ರೇಕಿನ ಪುಟ್ಟ ಚಕ್ರ ತಿರುಗುತ್ತಿತ್ತು. ಒಳಗೆ ಬೆಂಚು, ಲಾಟೀನು ನೇತುಹಾಕುವ ಕೊಂಡಿ, ಎಲ್ಲ ಇತ್ತು. ಇಷ್ಟು ಚೆಂದದ್ದನ್ನು ನಾನು ಕಂಡೇ ಇರಲಿಲ್ಲ. "ನಡಿ ಮಾವಶಿ, ಅವ್ವಗ ತೋರಸೋಣ" ಎಂದೆ.

"ಇಲ್ಲ. ಎಲ್ಲೋ ಏನೋ ತಪ್ಪದ."

ಅಲ್ಲಿಂದ ಶುರುವಾಯಿತು ನೋಡಿ. ಆಕೆ ಆ ಡಬ್ಬಿಯನ್ನು ಮಾಡಿನಲ್ಲಿಟ್ಟು ತೆಗೆದು, ತೆಗೆದು ಇಟ್ಟು ಸಾಕುಮಾಡಿದಳು. ಎದುರು ಮನೆಯವನು ನನಗೆ ಫೋನು ಮಾಡಿ, "ಅಕ್ಕೋರು ಅಂಗಳದಾಗ ಡಬ್ಬಿ ಹಿಡಕೊಂಡು ಸೂರ್ಯನ ಕಡೆ ತಿರುಗಿಸ್ಕೋತ ನಿಂತಾರ್ರಿ, ಆರಾಮ ಅದಾರೋ ಇಲ್ಲೋ" ಎಂದ. ಡಾಕ್ಟರು ಎದೆ ದುರ್ಬಲವಾಗಿದೆ, ಓಡಾಟ ಕಡಿಮೆ ಮಾಡಿ ಎಂದು ಅಷ್ಟರಲ್ಲಿ ಹೇಳಿಯಾಗಿತ್ತು. ಅವರೆದುರು ಹೂಂಗುಟ್ಟಿ ಬಂದಿದ್ದಳು. ಆಮೇಲೆ ಒಂದು ದಿನ, ನಾನು ಕೆಲಸದಲ್ಲಿದ್ದಾಗ ಆಕೆಯ ಕರೆ.

"ತಮ್ಮಾ, ನಂದು ಹಳದಿ ಪರಕಾರ ಇತ್ತು."

"ಏನು ಹಾಂಗಂದ್ರ?"

"ಅಪ್ಪನ ಗಾಡ್ಯಾಗ ಹೋದ ಸಂಜೀಗೆ ನಾ ಉಟ್ಟಿದ್ದ ಲಂಗಾ. ತೊಡಿ ಮ್ಯಾಲೆ ಬಿಸಲು ಬಿದ್ದು ಪರಕಾರ ಝಗಝಗ ಅಂತಿತ್ತು. ಅಪ್ಪ ವರಾಂಡದಾಗ ನಿಂತು ನಕ್ಕೋತ, ನನ್ನ ಲಾಟೀನು ಈಗ ಹತ್ತೇದ ನೋಡು ಅಂದಿದ್ದ. ಗಾಡಿ ಬಡಗ ದಿಕ್ಕಿಗೆ ಹೊಂಟದ, ಬಿಸಲು ಪಡುವಲದಿಂದ ಅಡ್ಡ ಬರಬೇಕು. ಕಿಟಕಿ ಅಷ್ಟು ದೂರ ಇದ್ದರ ಬೆಂಚಿನ ಮ್ಯಾಲೆ ಬಿಸಲು ಹೆಂಗ ಬೀಳ್ತದ? ಜೀವನಪೂರ್ತಿ ಕೋನ ಕಲಿಸೀನಿ, ನನಗ ಇಷ್ಟು ಹೊಳೀಲಿಲ್ಲ!"

ಮತ್ತೆ ಕುಳಗೇರಿ ಕ್ರಾಸಿಗೆ ಹೋದೆವು. ಡಬ್ಬಿ ಇರಲಿಲ್ಲ. ಅದರ ಜಾಗದಲ್ಲಿ ಅಂಗಡಿಯ ಬುನಾದಿ ಎದ್ದಿತ್ತು. ಮಾವಶಿ ಅಲ್ಲೇ ಬಿದ್ದಿದ್ದ ಲಾರಿ ಟೈರಿನ ಮೇಲೆ ಕೂತುಬಿಟ್ಟಳು. ಆಕೆ ತಾನಾಗಿ ಕೂತದ್ದನ್ನು ನಾನು ನೋಡಿದ್ದು ಅಪರೂಪ; ನನಗೆ ಗಾಬರಿಯಾಯಿತು. ಹೋಟೆಲಿನವನು ನೀರು ತಂದುಕೊಟ್ಟು ವಿಷಯ ಕೇಳಿದ. ಹೇಳಿದೆ. ಅವನು ಗಟ್ಟಿಯಾಗಿ ನಕ್ಕ.

"ಅಯ್ಯ, ಆ ಕಿಟಕಿ ನಮ್ಮಪ್ಪ ಕೊರಸಿದ್ದರಿ! ಮೊದಲ ಅದರಾಗ ಹೋಟ್ಲ ಇತ್ತು, ಚಹಾ ಕೊಡಾಕ ವರಾಂಡದ ಕಡೆ ಕಿಟಕಿ ಮಾಡಿದ್ರು. ಅದರದು ಅಸಲ ಕಿಟಕಿ ನೀವು ಹೇಳೂ ಬೆಂಚಿನ ಕಡೆ ಇತ್ತು. ಅಪ್ಪ ತಗಡು ಬಡಿದು ಮುಚ್ಚಿಸಿಬಿಟ್ಟ."

"ಯಾಕ ಮುಚ್ಚಿಸಿದಾ?" ಮಾವಶಿ ಕೇಳಿದಳು.

"ಸಂಜೀಮುಂದ ಬಿಸಲು ಭಾಳ ಬರ್ತಿತ್ರಿ ಒಳಗ."

ಮಾವಶಿ ಮುಖಕ್ಕೆ ಸೆರಗು ಒತ್ತಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಭುಜ ಮಾತ್ರ ಅಲುಗುತ್ತಿತ್ತು. ಹೋಟೆಲಿನವನು ಪೆಚ್ಚಾಗಿ, "ಮುಚ್ಚಿದ ತಗಡು ಬೇಕೇನ್ರಿ? ಗುಜರಿಗೆ ಕೊಡಲಿಲ್ರಿ, ನೀರಿನ ಟಾಕಿ ಮ್ಯಾಲೆ ಐತಿ" ಎಂದ. ಕಿಟಕಿಯ ಚೌಕಟ್ಟಿಗೆ ಬಿಗಿದ ಬೋಲ್ಟಿನ ತೂತುಗಳು ಅವನು ಇಳಿಸಿ ತಂದ ಆ ತಗಡಿನ ಸುತ್ತ ಹಾಗೇ ಇದ್ದವು. ಒಂದು ತೂತಿನಿಂದ ಇನ್ನೊಂದಕ್ಕೆ ಟೇಪು ಹಿಡಿದು ಎಲ್ಲ ಬರೆದುಕೊಂಡಳು. ಎದ್ದು ನಿಂತು ಅಂದಳು: "ಕಬ್ಬಿಣಾ ಸುಳ್ಳು ಹೇಳ್ತದ ತಮ್ಮಾ. ಅದನ್ನ ಸಾಕಿದವ್ರನ್ನ ಕೇಳಬೇಕಾಗಿತ್ತು."

ಹಳೆಯ ಗೋಡೆಯನ್ನು ಕಿತ್ತು ಹೊಸದು ಕಟ್ಟಿದಳು. ರಿವೆಟ್‌ಗಳೆಲ್ಲ ಮತ್ತೆ ಮೊದಲಿನಿಂದ. ಉಸಿರು ಸಿಕ್ಕಿಕೊಂಡಾಗ ಗೋಡೆಗೆ ಒರಗಿ, ಮತ್ತೆ ಸೂಜಿ ಹಿಡಿಯುತ್ತಿದ್ದಳು. ಕೊನೆಗೆ ಚಕ್ಕುಲಿ ಡಬ್ಬಿಯಲ್ಲಿ ಹತ್ತಿ ಹಾಸಿ, ಅದರಲ್ಲಿ ಗಾರ್ಡ್ ಡಬ್ಬಿ ಮಲಗಿಸಿಕೊಂಡು, ಬಾಗಲಕೋಟೆಯ ನವನಗರದ ನಮ್ಮ ಮನೆಗೆ ಬಂದಳು. ಬೇಕೆಂದೇ ಸಂಜೆಯ ಹೊತ್ತಿಗೆ.

ಅವ್ವ ಕಾಯಿಪಲ್ಯೆ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. "ಬಂತೇನು ನಿನ್ನ ಮೇಲ್ ಗಾಡಿ?"

"ಗೂಡ್ಸ್" ಎಂದಳು ಮಾವಶಿ. ಪಡುವಣ ಕಿಟಕಿಯ ಕಟ್ಟೆಯ ಮೇಲೆ ಡಬ್ಬಿಯನ್ನಿಟ್ಟು, ಎಡಬದಿ ಹೊರಗೆ ಬರುವಂತೆ ತಿರುಗಿಸಿ, ಛಾವಣಿ ಎತ್ತಿ ಪಕ್ಕಕ್ಕಿಟ್ಟಳು. "ಇಲ್ಲೆ ಬಾ. ಕನ್ನಡಕ ಹಾಕ್ಕೋ."

ಅವ್ವ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿದಳು. ಪುಟ್ಟ ಕಿಟಕಿಯಿಂದ ಬಿಸಿಲು ಒಳಗೆ ಹೊಕ್ಕು ಬೆಂಚಿನ ಮೇಲೆ ಹುಣಸೆ ಬೀಜದಷ್ಟು ಬಿದ್ದಿತ್ತು. ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡಳು.

"ಅಪ್ಪ ಎಲ್ಲಿ ನಿಂದರ್ತಿದ್ದ?"

"ಇಲ್ಲೆ, ವರಾಂಡದಾಗ. ಒಂದು ಕೈ ಈ ಕಟಕಟಿ ಮ್ಯಾಲೆ."

"ನೀ?"

ಮಾವಶಿ ಕೆಂಪು ಉಗುರಿನ ಬೆರಳಿನಿಂದ ಬಿಸಿಲಿನ ಚುಕ್ಕೆ ತೋರಿಸಿದಳು. ಅವ್ವ ಇನ್ನೂ ಬಗ್ಗಿದಳು. ಆಮೇಲೆ, ತನ್ನಷ್ಟಕ್ಕೆ ಅಂದುಕೊಂಡಂತೆ, "ನಿನ್ನ ಬಾಜೂಕ ಇನ್ನೊಬ್ಬಾಕಿ ಕೂಡ್ಲಿಕ್ಕೆ ಜಾಗಾ ಅದ ಅಲ್ಲಾ" ಎಂದಳು.

"ಅದ ಮತ್ತ. ಅಳತಿ ತಗೊಂಡೀನಿ. ನಾ ಹೆಚ್ಚಿಗಿ ಮಾಡಿಲ್ಲ, ಬೆಂಚು ಅಷ್ಟ ಉದ್ದ ಇತ್ತು."

ಅಕ್ಕತಂಗಿಯರು ಆ ಸಂಜೆ ಬಿಸಿಲು ಇಳಿಯುವ ತನಕ ಅಲ್ಲೇ ನಿಂತಿದ್ದರು. ಪಲ್ಯೆ ನಾನು ಹೆಚ್ಚಿದೆ.

ಮಾವಶಿ ಹೋದದ್ದು ಮುಂದಿನ ಬೇಸಿಗೆಯಲ್ಲಿ. ದವಾಖಾನೆಯಲ್ಲಿ ನರ್ಸಮ್ಮ ಉಸಿರು ಅಳೆಯುವ ಕ್ಲಿಪ್ಪು ಹಾಕಲು ಆಕೆಯ ಬೆರಳು ಹಿಡಿದು, ಉಗುರಿಗೆ ಏನು ಹಚ್ಚಿದ್ದೀರಿ, ತೆಗೆಯಬೇಕು ಎಂದಳಂತೆ. "ಅದು ಹೋಗಂಗಿಲ್ಲವ್ವಾ, ಬ್ಯಾರೆ ಬೆರಳು ತಗೋ" ಎಂದಿದ್ದಳು ಈಕೆ. ಉಳಿದ ಡಬ್ಬಿಗಳನ್ನು ಎದುರು ಮನೆಯ ನೇಕಾರನಿಗೆ ಬಿಟ್ಟು ಹೋಗಿದ್ದಾಳೆ. ಅವನ ಮಗ್ಗದ ಮೇಲಿನ ಹಲಗೆಯಲ್ಲಿ ಅವು ಖಟಕ್ ಖಟಕ್ ಸದ್ದಿಗೆ ಸ್ವಲ್ಪ ಸ್ವಲ್ಪವೇ ಮುಂದೆ ಸರಿಯುತ್ತವೆಯಂತೆ. ದಿನಾ ಹಿಂದಕ್ಕೆ ತಳ್ಳುತ್ತೇನೆ ಎನ್ನುತ್ತಾನೆ.

ಗಾರ್ಡ್ ಡಬ್ಬಿ ನಮ್ಮ ಮನೆಯ ಕಿಟಕಿಕಟ್ಟೆಯ ಮೇಲಿದೆ. ಅವ್ವ ಸಂಜೆಯಾದರೆ ಅದರ ಛಾವಣಿ ತೆಗೆದು, ಸೂರ್ಯ ಸರಿದಷ್ಟು ಅದನ್ನೂ ತಿರುಗಿಸಿ, ಕುರ್ಚಿ ಎಳೆದುಕೊಂಡು ಕೂಡುತ್ತಾಳೆ. ನಿನ್ನೆ ನಾನು ಚಹಾ ತಂದು ಕಿಟಕಿಯ ಬಳಿ ನಿಂತು ಏನೋ ಹೇಳತೊಡಗಿದ್ದೆ. ಅವ್ವ ನನ್ನ ಮುಖ ನೋಡದೆ ಕೈಯಿಂದ ಪಕ್ಕಕ್ಕೆ ಸರಿಸಿದಳು.

"ಸರಿಯೋ ಅತ್ಲಾಗ. ನಮ್ಮ ಬಿಸಲಿಗೆ ಅಡ್ಡ ನಿಂದರಬ್ಯಾಡ."